ಈರುಳ್ಳಿ ಸಿಪ್ಪೆಯೂ ಮೇಷ್ಟ್ರ ಬಲಗಣ್ಣೂ

ಮೊನ್ನೆ ಸಂಜೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಕೂತಿದ್ದಾಗ ಮಗಳು ಸೈಕಲ್ಲಿನಿಂದ ಬಿದ್ದು, ಮಂಡಿ ತರಚಿಕೊಂಡು, ಬೀದಿಗೆಲ್ಲ ಕೇಳುವಂತೆ ಅಳುತ್ತಾ ಬಂದಳು. ಗಾಯ ತೊಳೆದು, ಹತ್ತಿಯನ್ನು ಟಿಂಚರಿನಲ್ಲಿ ಅದ್ದಿ ಒತ್ತಿದೆ. ಈರುಳ್ಳಿಯ ಘಾಟು, ಟಿಂಚರಿನ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಬಡಿದವು. ಮಗಳು ಅಳು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. "ಅಮ್ಮ, ನನಗೆ ಗಾಯ ಆದ್ರೆ ನೀನ್ಯಾಕೆ ನಗ್ತಿದೀಯ?" ಎಂದಳು. ನಕ್ಕಿದ್ದು ನನಗೇ ಗೊತ್ತಿರಲಿಲ್ಲ. ಪಾಂಡವಪುರದ ಈ ಮನೆಯಲ್ಲಿ ಕೂತಲ್ಲೇ ನಾನು ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಶಾಲೆಯ ಜಗಲಿಗೆ ಹೋಗಿಬಿಟ್ಟಿದ್ದೆ.

ಅದು ನನಗೆ ಕೆಲಸ ಸಿಕ್ಕಿದ ಮೊದಲ ವರ್ಷ. ನಾನು ಶ್ರೀರಂಗಪಟ್ಟಣದವಳು. ಮನೆಯಿಂದ ಹೊರಟರೆ ಹೊಳೆ, ಹೊಳೆಯಿಂದ ಹೊರಟರೆ ಕರಿಘಟ್ಟ, ಅಷ್ಟರಲ್ಲೇ ನನ್ನ ಲೋಕ ಮುಗಿಯುತ್ತಿತ್ತು. ವಿಜ್ಞಾನದ ಟೀಚರೆಂದು ಆದೇಶ ಬಂದದ್ದು ಗೋವಿಂದನಹಳ್ಳಿ ದಾಟಿದ ಮೇಲೆ ಬರುವ ಒಂದು ಊರಿನ ಸರ್ಕಾರಿ ಪ್ರೌಢಶಾಲೆಗೆ. ಕೆ.ಆರ್. ಪೇಟೆಯಲ್ಲಿ ರೂಮು ಹಿಡಿದೆ. ಬೆಳಗ್ಗೆ ಹಾಲಿನ ಕ್ಯಾನು, ಕೋಳಿ, ಕಾಲೇಜು ಹುಡುಗರು ಎಲ್ಲವನ್ನೂ ತುಂಬಿಕೊಂಡ ಬಸ್ಸಿನಲ್ಲಿ ಒಂಟಿ ಕಾಲಲ್ಲಿ ನಿಂತು ಹೋಗುತ್ತಿದ್ದೆ. ಹೆಂಚಿನ ಶಾಲೆ, ಮುಂದೆ ಉದ್ದನೆ ಜಗಲಿ, ಎದುರಿಗೆ ಹೊಸದಾಗಿ ಸುಣ್ಣ ಬಳಿದ ಬಿಸಿಯೂಟದ ಅಡುಗೆಕೋಣೆ. ಮಕ್ಕಳು ಡೈರಿಗೆ ಹಾಲು ಹಾಕಿ, ಹಸುವಿಗೆ ಹುಲ್ಲು ಹಾಕಿ, ಆಮೇಲೆ ಶಾಲೆಗೆ ಬರುತ್ತಿದ್ದರು. ಆಷಾಢದ ಗಾಳಿ ಶುರುವಾಗಿತ್ತು. ಮಳೆ ಅಂದರೆ ಮಳೆಯಲ್ಲ, ಬಿಸಿಲು ಅಂದರೆ ಬಿಸಿಲಲ್ಲ. ಕೊಡೆ ಬಿಚ್ಚುವಷ್ಟರಲ್ಲಿ ನಿಲ್ಲುತ್ತಿತ್ತು, ಮಡಿಸುವಷ್ಟರಲ್ಲಿ ಹನಿಯುತ್ತಿತ್ತು.

ಆ ಶಾಲೆಗೆ ಮುಖ್ಯೋಪಾಧ್ಯಾಯರ ಹುದ್ದೆ ಖಾಲಿಯಿತ್ತು. ಅದರ ಜವಾಬ್ದಾರಿಯನ್ನೂ ಹೊತ್ತುಕೊಂಡು ವಿಜ್ಞಾನವನ್ನೂ ಕಲಿಸುತ್ತಿದ್ದವರು ಚಿಕ್ಕೇಗೌಡ ಮೇಷ್ಟ್ರು. ದಸರಾ ಕಳೆದ ಮೇಲೆ ಅದೇ ತಿಂಗಳ ಕೊನೆಗೆ ಅವರ ನಿವೃತ್ತಿ. ಬಿಳಿ ಅಂಗಿಯ ಜೇಬಿನಲ್ಲಿ ಸದಾ ಬೀರುವಿನ ಬೀಗದ ಕೈ, ಬೆರಳಿನ ತುದಿಯಲ್ಲಿ ಸದಾ ಸೀಮೆಸುಣ್ಣ. ಅವರು ಬೋರ್ಡಿನ ಮೇಲೆ ಜೀವಕೋಶ ಬರೆಯುವುದನ್ನು ನೋಡಬೇಕಿತ್ತು. ಅಳತೆಪಟ್ಟಿ ಇಲ್ಲದೆ ಗೆರೆ, ಕೈವಾರ ಇಲ್ಲದೆ ದುಂಡು. ಹಸಿರು ಸೀಮೆಸುಣ್ಣದಲ್ಲಿ ಕೋಶಭಿತ್ತಿ, ಕೆಂಪಿನಲ್ಲಿ ಕೋಶಕೇಂದ್ರ. ಗಾರೆಯವನು ದಾರ ಕಟ್ಟಿ ಇಟ್ಟಿಗೆ ಜೋಡಿಸಿದಂತೆ ಕೋಶಗಳು ಸಾಲಾಗಿ ಕೂರುತ್ತಿದ್ದವು. ಮಕ್ಕಳು ಆ ಚಿತ್ರವನ್ನು ಒಂದು ವಾರ ಅಳಿಸಲು ಬಿಡುತ್ತಿರಲಿಲ್ಲ. ನನ್ನ ಚಿತ್ರ ಅದರ ಪಕ್ಕದಲ್ಲಿ ನಿಂತರೆ ಹಪ್ಪಳಕ್ಕೂ ಕೋಶಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

"ಸಾರ್, ಮೈಕ್ರೋಸ್ಕೋಪ್ ಇಲ್ವಾ? ಒಂಬತ್ತನೇ ಕ್ಲಾಸಿಗೆ ನಿಜವಾದ್ದೇ ತೋರಿಸಬಹುದಿತ್ತು" ಎಂದೆ.

"ಅದೆ ಕಣವ್ವ. ಆದ್ರೆ ಕೆಟ್ಟೋಗದೆ. ನಾಕೈದು ವರ್ಷಾತು, ಏನೂ ಕಾಣಾಕಿಲ್ಲ. ಬರೀ ಹೊಗೆ ಹೊಗೆ."

"ನಾನೊಂದ್ಸಲ ನೋಡ್ಲಾ ಸಾರ್?"

"ನೋಡು. ನೋಡಾಕೇನು ದುಡ್ಡಾ?" ಎಂದು ಬೀಗದ ಕೈ ಕೊಟ್ಟರು.

ಬೀರು ತೆಗೆದರೆ ಮೊದಲು ಕಂಡದ್ದು ಒಣಗಿದ ಸೇವಂತಿಗೆ ಹಾರ. ಹಾರದೊಳಗೆ ಸೂಕ್ಷ್ಮದರ್ಶಕ. ಹೊರಗೆ ತಂದು ಇಟ್ಟ ಮೇಲೆ ನನಗೆ ನಗು ತಡೆಯಲಾಗಲಿಲ್ಲ. ಪ್ರತಿ ವರ್ಷ ಆಯುಧಪೂಜೆಗೆ ಶಾಲೆಯ ಗಂಟೆ, ಸೈಕಲ್ಲು, ಭೂಗೋಳ, ಕಂಪ್ಯೂಟರು ಎಲ್ಲಕ್ಕೂ ಪೂಜೆಯಾಗುತ್ತಿತ್ತು. ಪೂಜೆ ಮಾಡುವವನು ಅಟೆಂಡರ್ ಸಣ್ಣಪ್ಪ. ಯಾವುದಕ್ಕೇ ಕುಂಕುಮ ಇಡಬೇಕಾದರೂ ಅದಕ್ಕೊಂದು ಹಣೆ ಬೇಕಲ್ಲ. ಸಣ್ಣಪ್ಪ ಯೋಚಿಸಿ ನೋಡಿ, ಸೂಕ್ಷ್ಮದರ್ಶಕದ ಹಣೆ ಅಂದರೆ ಮೇಲಿನ ಗಾಜು ಎಂದು ತೀರ್ಮಾನಿಸಿದ್ದ. ನಾವು ಕಣ್ಣಿಟ್ಟು ನೋಡುವ ಆ ಮಸೂರದ ಮೇಲೆ ಗಂಧದ ಬೊಟ್ಟು, ಅದರ ಮೇಲೆ ಕುಂಕುಮ, ಮರುವರ್ಷ ಅದರ ಮೇಲೆ ಮತ್ತೊಂದು ಪದರ. ಕೆಳಗಿನ ಕನ್ನಡಿಗೂ ಮೂರು ಪಟ್ಟೆ ವಿಭೂತಿ. ಭೂಗೋಳಕ್ಕಂತೂ ಉತ್ತರ ಧ್ರುವದಲ್ಲಿ ಅಂಗೈಯಗಲ ಅರಿಶಿನ.

"ಇಷ್ಟು ಭಕ್ತಿ ಮಾಡಿದ್ರೆ ಯಾವ ದೇವರಿಗೆ ತಾನೆ ಕಣ್ಣು ಕಂಡೀತು ಸಣ್ಣಪ್ಪ?" ಎಂದೆ.

ಅವನಿಗೆ ಬೇಜಾರಾಯಿತು. "ಅಂಗನ್ಬೇಡಿ ಮೇಡಂ. ಮಿಷಿನ್ಗೆ ದೃಷ್ಟಿ ಆಗ್ಬಾರ್ದು ಅಂತ ಮಡಗಿದ್ದು" ಎಂದ.

ಹಳೆಯ ಹತ್ತಿ ಸೀರೆಯ ಚೂರು, ಔಷಧಿ ಅಂಗಡಿಯ ಸ್ಪಿರಿಟ್ಟು, ಒಂದು ಶನಿವಾರದ ಮಧ್ಯಾಹ್ನ. ಗಂಧ ಕಲ್ಲಾಗಿತ್ತು, ಉಜ್ಜಿದರೆ ಗಾಜಿಗೆ ಗೀರು ಬೀಳುತ್ತದೆ. ನೆನೆಸಿ, ಒತ್ತಿ, ಒರೆಸಿ, ಮತ್ತೆ ನೆನೆಸಿ ತೆಗೆದೆ. ಸಣ್ಣಪ್ಪ ಮುನಿಸು ಬಿಟ್ಟು ಬಂದು ಕನ್ನಡಿ ಒರೆಸಿಕೊಟ್ಟ. ಕೊನೆಗೆ ನನ್ನ ತಲೆಗೂದಲು ಒಂದನ್ನು ಗಾಜಿನ ಪಟ್ಟಿಯ ಮೇಲಿಟ್ಟು ನೋಡಿದೆ. ತೆಂಗಿನ ಹಗ್ಗದಷ್ಟು ದಪ್ಪಕ್ಕೆ ಕಾಣಿಸಿತು. ಆ ಖುಷಿಗೆ ಯಾರನ್ನಾದರೂ ತಬ್ಬಿಕೊಳ್ಳಬೇಕು ಅನ್ನಿಸಿತು, ಆದರೆ ಅಲ್ಲಿದ್ದದ್ದು ಸಣ್ಣಪ್ಪ ಒಬ್ಬನೇ.

ಇನ್ನು ಬೆಳಕಿನ ಪಾಡು. ನಮ್ಮದು ಕನ್ನಡಿಯ ಸೂಕ್ಷ್ಮದರ್ಶಕ. ಕನ್ನಡಿ ಹಿಡಿದು ಬೆಳಕನ್ನು ಮೇಲಕ್ಕೆ ಕಳಿಸಬೇಕು. ಸೂರ್ಯನನ್ನೇ ಹಿಡಿಯುವಂತಿಲ್ಲ, ಕಣ್ಣು ಹೋದೀತು. ಮೊಬೈಲಿನ ಟಾರ್ಚು ಹಿಡಿದರೆ ನಡುವೆ ಒಂದು ಚುಚ್ಚುವ ಬಿಳಿ ಚುಕ್ಕೆ, ಸುತ್ತ ಕತ್ತಲು. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ ಉಪಾಯ ಎದುರಿನ ಅಡುಗೆಕೋಣೆಯ ಸುಣ್ಣದ ಗೋಡೆ. ಅದರ ಮೇಲೆ ಬಿಸಿಲು ಬಿದ್ದರೆ ಹಾಲಿನಂಥ ಬೆಳಕು ಜಗಲಿಗೆ ಬರುತ್ತಿತ್ತು. ಆದರೆ ಆಷಾಢದ ಮೋಡ ಬಿಡಬೇಕಲ್ಲ! ಜಗಲಿಯ ಕಟ್ಟೆಯ ಮೇಲೆ ಎಲ್ಲ ಸಿದ್ಧ ಮಾಡಿಟ್ಟು ನಾನು ಒಳಗೆ ಪಾಠ ಮಾಡುತ್ತಿದ್ದೆ. ಕಿಟಕಿ ಪಕ್ಕದವರು ಗೋಡೆ ಕಾಯುತ್ತಿದ್ದರು. "ಬಿಸ್ಲು ಬಂತು ಮಿಸ್!" ಎಂದು ಒಬ್ಬರು ಕೂಗಿದರೆ ಇಡೀ ಒಂಬತ್ತನೇ ತರಗತಿ ಜಗಲಿಗೆ ನುಗ್ಗುತ್ತಿತ್ತು. ಅಡುಗೆಯವರು ಕೊಟ್ಟ ಈರುಳ್ಳಿಯ ಎಸಳನ್ನು ಮುರಿದು, ಒಳಮೈಯ ತೆಳು ಸಿಪ್ಪೆಯನ್ನು ಎಳೆದು, ಗಾಜಿನ ಮೇಲೆ ಹಾಸಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಟಿಂಚರನ್ನು ನೀರಲ್ಲಿ ಬೆರೆಸಿ ಬಣ್ಣ ಹಿಡಿಯಲೆಂದು ಒಂದು ಹನಿ ಹಾಕಿ ಮುಗಿಸುವಷ್ಟರಲ್ಲಿ ಗೋಡೆ ಮತ್ತೆ ಕಪ್ಪಾಗುತ್ತಿತ್ತು. ಎಲ್ಲರೂ ಒಟ್ಟಿಗೆ "ಥೂ" ಅನ್ನುತ್ತಿದ್ದರು. ನಾನೂ ಅನ್ನುತ್ತಿದ್ದೆ.

ಒಂದು ಬೆಳಗ್ಗೆ ಬಿಸಿಲು ನಿಂತಿತು. ಮೊದಲು ಕಣ್ಣಿಟ್ಟವಳು ಪವಿತ್ರ. ಎಡಗೈಯಲ್ಲಿ ಬರೆಯುವ ಹುಡುಗಿ, ನೋಡುವಾಗಲೂ ಎಡಗಣ್ಣನ್ನೇ ಇಟ್ಟಳು. ಚಿಕ್ಕೇಗೌಡ ಮೇಷ್ಟ್ರು ಅವಳಿಗೆ ಎಂಟನೇ ತರಗತಿಯಿಂದ "ಬಲಗೈಲಿ ಬರಿಯವ್ವ" ಎಂದು ಹೇಳಿ ಹೇಳಿ ಸೋತಿದ್ದರು. ಹಿಂದಿದ್ದವರು ಜಡೆ ಎಳೆದರೂ ಅವಳು ಅಲ್ಲಾಡಲಿಲ್ಲ.

"ಏನ್ ಕಾಣ್ತದೆ ಯೋಳೇ" ಎಂದು ಹಿಂದಿದ್ದವರೇ ಅವಸರ ಮಾಡಿದರು.

"ನಾಟಿ ಮಾಡಕ್ಕೆ ನೀರು ಕಟ್ಟಿರೋ ಗದ್ದೆ ಇದ್ದಂಗದೆ ಮಿಸ್. ಬದು ಬದು ಬದು. ಒಂದೊಂದು ಗದ್ದೇಲೂ ಒಂದೊಂದು ಗುಂಡುಕಲ್ಲು ಬಿದ್ದಂಗದೆ!"

ನಾನು ಚಿಕ್ಕವಳಿದ್ದಾಗ ಕರಿಘಟ್ಟದ ಮೆಟ್ಟಿಲ ಮೇಲೆ ನಿಂತು ಕೆಳಗಿನ ಗದ್ದೆಗಳನ್ನು ನೋಡಿದ್ದು ನೆನಪಾಯಿತು. ಪುಸ್ತಕದಲ್ಲಿ ಕೋಶ ಅಂದರೆ ಕೋಣೆ ಎಂದು ಓದಿ ಬಂದವಳು ನಾನು. ಈ ಹುಡುಗಿಗೆ ಅದು ಗದ್ದೆ. ಮಕ್ಕಳಿಗೆ ಮುಖ ಕಾಣದಂತೆ ತಿರುಗಿ ಟಿಂಚರ್ ಬಾಟಲಿಯ ಮುಚ್ಚಳ ಹುಡುಕುವವಳಂತೆ ನಿಂತೆ.

ಗಲಾಟೆ ಕೇಳಿ ಮೇಷ್ಟ್ರು ಆಫೀಸಿನಿಂದ ಬಂದರು. ಮಕ್ಕಳು ದಾರಿ ಬಿಟ್ಟರು. ಅವರು ಕನ್ನಡಕ ತೆಗೆದು ಜೇಬಿಗಿಟ್ಟು, ಎಡಗಣ್ಣು ಮುಚ್ಚಿ, ಬಲಗಣ್ಣಿಟ್ಟು ಬಗ್ಗಿದರು. ಕಾಲೇಜಿನ ದಿನಗಳಿಂದ ಬಂದ ಅಭ್ಯಾಸದ ಬಗ್ಗುವಿಕೆ ಅದು, ನೋಡಿದರೇ ತಿಳಿಯುತ್ತಿತ್ತು. ಬಹಳ ಹೊತ್ತು ನೋಡಿದರು.

"ನಾನೇಳ್ಲಿಲ್ವಾ? ಬರೀ ಹೊಗೆ."

"ಇಲ್ಲ ಸಾ, ಕಾಣ್ತದೆ ಸಾ!" ಮಕ್ಕಳೆಲ್ಲ ಒಟ್ಟಿಗೆ ಕೂಗಿದರು.

ಮೋಡ ಬಂತೇನೋ ಎಂದು ಗೋಡೆ ನೋಡಿದೆ, ಬಿಸಿಲು ಹಾಗೇ ಇತ್ತು. ನಾನು ಕಣ್ಣಿಟ್ಟೆ, ಗದ್ದೆಯ ಬದು ಒಂದೊಂದೂ ಸ್ಪಷ್ಟ. ತಿರುಪು ಒಂಚೂರು ಸರಿಮಾಡಿ ಮತ್ತೆ ಕರೆದೆ. ಅವರು ಮತ್ತೆ ಬಗ್ಗಿದರು. ಎದ್ದು ಮಕ್ಕಳ ಮುಖಗಳನ್ನೆಲ್ಲ ಒಮ್ಮೆ ನೋಡಿದರು. ಅಷ್ಟು ಮಕ್ಕಳಿಗೆ ಕಾಣುವುದು ತಮಗೆ ಕಾಣುತ್ತಿಲ್ಲ ಎಂಬುದು ಅವರಿಗೆ ಅರ್ಥವಾಗಿತ್ತು. "ನೋಡ್ಕಳಿ, ನೋಡ್ಕಳಿ. ಹೊಸ ಕಣ್ಣು ನಿಮ್ಮವು" ಎಂದು ನಗುವ ಪ್ರಯತ್ನ ಮಾಡಿ, ಕನ್ನಡಕ ಹಾಕಿಕೊಂಡು ಒಳಗೆ ಹೋದರು.

ಮರುದಿನ ಸೂಕ್ಷ್ಮದರ್ಶಕ ಬೀರುವಿನೊಳಗಿತ್ತು. ಬೀಗ ಬಿದ್ದಿತ್ತು. ಬೀಗದ ಕೈ ಅವರ ಜೇಬಿನಲ್ಲಿ.

"ಮಕ್ಕಳು ಕೆನ್ನೆ ಒಳಗಿನ ಕೋಶ ನೋಡ್ಬೇಕು ಅಂತಿದಾರೆ ಸಾರ್" ಎಂದೆ.

"ಬಾಯೊಳಗಿಂದ ಕೆರೆದು ಮಡಗೋದಾ? ಪೂಜೆ ಮಾಡಿರೋ ಮಿಷಿನ್ಗೆ ಎಂಜ್ಲು ಗಿಂಜ್ಲು ಬ್ಯಾಡ ಕಣವ್ವ. ಮಳೆಗಾಲ, ಬೂಸ್ಟು ಹಿಡಿತದೆ. ಒಳಗಿರ್ಲಿ ಬುಡು."

ಎಂಜಲಿನ ಮಾತು ಅವರದ್ದಲ್ಲ, ನೆಪ. ನನಗೆ ಸಿಟ್ಟು ನೆತ್ತಿಗೇರಿತು. ಮೂರು ದಿನ ಅವರ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಸಿಟ್ಟು ಇಳಿದದ್ದು ಶಾಲೆಯ ಗೇಟಿನ ಹತ್ತಿರ. ಮೇಷ್ಟ್ರು ಟಿವಿಎಸ್ಸಿನಲ್ಲಿ ಒಳಗೆ ಬರುತ್ತಿದ್ದರು. ಬಲಗಡೆಯ ಕಂಬಕ್ಕೆ ಹ್ಯಾಂಡಲ್ಲು ಕರ್ರೆಂದು ಉಜ್ಜಿತು. "ಯಾವನೋ ಬೆಪ್ಪುತಕ್ಕಡಿ ಇಷ್ಟು ಕಿರಿದಾಗಿ ಗೇಟು ಕಟ್ಟವ್ನೆ" ಎಂದು ಬೈದುಕೊಂಡರು. ನಾನು ಹತ್ತಿರ ಹೋಗಿ ನೋಡಿದೆ. ಆ ಕಂಬದ ಗಾರೆ ಒಂದೇ ಎತ್ತರದಲ್ಲಿ ಗುಳಿಬಿದ್ದಿತ್ತು. ಗಾಡಿಯ ಬಲಗಡೆಯ ಹಿಡಿ ಸವೆದು ಕಬ್ಬಿಣ ಕಾಣುತ್ತಿತ್ತು. ಎಡಗಡೆಯದು ಹೊಸದರಂತಿತ್ತು. ಸೂಕ್ಷ್ಮದರ್ಶಕ ಕೆಟ್ಟಿತ್ತು, ಗೇಟು ಕಿರಿದಾಗಿತ್ತು, ಎಲ್ಲದರಲ್ಲೂ ದೋಷವಿತ್ತು, ಅವರ ಬಲಗಣ್ಣೊಂದನ್ನು ಬಿಟ್ಟು. ನಾಳೆ ಅದೇ ಬಲಗಡೆಯಿಂದ ಟ್ರಾಕ್ಟರು ಬಂದರೆ ಏನು ಗತಿ ಎಂದುಕೊಂಡು ನನಗೆ ನಿಜವಾಗಿ ಹೆದರಿಕೆಯಾಯಿತು.

ಭಾನುವಾರ ಅವರ ಮನೆಗೆ ಹೋದೆ. ಎಮ್ಮೆ ಕಟ್ಟಿದ ಅಂಗಳ, ತೊಳೆದ ಹಾಲಿನ ಕ್ಯಾನು ಬೋರಲು ಹಾಕಿದ ಕಟ್ಟೆ. ಅವರ ಹೆಂಡತಿ ಜಯಮ್ಮ ಕಾಫಿ ಕೊಟ್ಟರು. ಮೇಷ್ಟ್ರು ಒಳಕೋಣೆಯಲ್ಲಿ ಕೆಲಸವಿದೆ ಎಂದು ಎದ್ದು ಹೋದರು. ನಾನು ಮಾತು ಹೇಗೆ ತೆಗೆಯಲಿ ಎಂದು ಒದ್ದಾಡುತ್ತಿದ್ದರೆ ಜಯಮ್ಮನೇ ಮೆಲ್ಲಗೆ ಕೇಳಿದರು.

"ಕಣ್ಣಿನ್ ಇಚಾರಕ್ಕೆ ತಾನೇ ಬಂದದ್ದು? ನಂಗೊತ್ತು ಕಣವ್ವ. ತಟ್ಟೆ ಬಲಕ್ಕೆ ಮಡಗುದ್ರೆ ಉಪ್ಪಿನಕಾಯಿ ಕಾಣಾಕಿಲ್ಲ ಇವ್ರಿಗೆ. ನಾನು ಎಡಕ್ಕೇ ಬಡುಸ್ತೀನಿ. ಎರಡು ವರ್ಷಾತು."

"ಪೊರೆ ಬಂದಿರಬೇಕು ಅಮ್ಮ. ತೆಗೆಸಿದ್ರೆ ಸರಿಹೋಗುತ್ತೆ. ಈಗೆಲ್ಲ ಒಂದೇ ದಿನದ ಕೆಲಸ."

"ಅದ್ನೇ ನಾನೂ ಯೋಳೋದು. ಇವ್ರಣ್ಣಂಗೆ ಹಿಂದೆ ಆಪ್ರೇಷನ್ ಮಾಡ್ಸಿದ್ರು. ನೀರು ಸೋಕಿಸ್ಬ್ಯಾಡ, ಧೂಳಿಗೋಗ್ಬ್ಯಾಡ ಅಂದಿದ್ರು. ಆ ಮಾರಾಯ ಮೂರನೇ ದಿನಕ್ಕೇ ಕಟ್ಟು ಬಿಚ್ಚಾಕಿ ಕಬ್ಬಿನ ತರಗು ಸುಲಿಯಕ್ಕೋದ. ಕೀವಾಗಿ ಕಣ್ಣೇ ಓಯ್ತು. ತಪ್ಪು ಮಾಡ್ದೋನು ಅವ್ನು, ಎದ್ರುಕೊಂಡೋರು ಇವ್ರು."

ಒಳಗಿನಿಂದ ಮೇಷ್ಟ್ರ ಧ್ವನಿ ಬಂತು. "ನನ್ ಕಣ್ಣು ನನಗೊತ್ತು. ಚೆನ್ನಾಗೇ ಕಾಣ್ತದೆ. ನಿವೃತ್ತಿ ಆಗೋಗಂಟ ಯಾರೂ ನನ್ ಕಣ್ ಸುದ್ದಿಗೆ ಬರ್ಬ್ಯಾಡಿ."

ಜಯಮ್ಮ ಅಲ್ಲಿಂದಲೇ ಕೂಗಿದರು. "ಚೆನ್ನಾಗ್ ಕಂಡ್ರೆ ಆ ಮಿಷಿನ್ಗ್ಯಾಕೆ ಬೀಗ ಜಡಿದ್ರಿ? ಮಕ್ಕಳೇನ್ ಮಾಡಿದ್ವು?"

ನಾನು ಹೊರಡಲು ಎದ್ದಾಗ ಮೇಷ್ಟ್ರು ಹೊರಗೆ ಬಂದರು. ನನ್ನ ಮುಖ ನೋಡಲಿಲ್ಲ. ಬೀಗದ ಕೈಯನ್ನು ನನ್ನ ಖಾಲಿ ಕಾಫಿ ಲೋಟದ ಪಕ್ಕ ಇಟ್ಟು, ಎಮ್ಮೆಗೆ ನೀರು ತೋರಿಸಲು ಹೋದರು.

ಮತ್ತೆ ಬಿಸಿಲಿಗೆ ಕಾದೆವು. ಶ್ರಾವಣ ಹುಟ್ಟಿತ್ತು. ಬಿಸಿಲು ಬಂದ ದಿನ ಮೇಷ್ಟ್ರು ಜಗಲಿಯ ಇನ್ನೊಂದು ತುದಿಯಲ್ಲಿ ಕುರ್ಚಿ ಹಾಕಿಕೊಂಡು ಏನೋ ಬರೆಯುತ್ತಿದ್ದರು. ನಮ್ಮ ಕಡೆ ನೋಡುತ್ತಿರಲಿಲ್ಲ, ಆದರೆ ಎದ್ದೂ ಹೋಗಲಿಲ್ಲ. ಪವಿತ್ರ ನೋಡಿ ಮುಗಿಸಿ, ಸುಮ್ಮನೆ ಹೋಗಿ ಅವರ ಮುಂದೆ ನಿಂತಳು.

"ಸಾ, ನೀವು ಬಲಗಣ್ಣಲ್ಲಿ ನೋಡಿದ್ರಿ ಅವತ್ತು. ನಾನು ಎಡಗಣ್ಣಲ್ಲಿ ನೋಡದು. ಎಡದ್ರಲ್ಲೇ ಚೆನ್ನಾಗ್ ಕಾಣ್ತದೆ ಸಾ. ಬನ್ನಿ ಸಾ."

ಅವಳ ಲೆಕ್ಕದಲ್ಲಿ ಅದು ಎಡಗಣ್ಣಿನ ಹೆಗ್ಗಳಿಕೆ, ಅಷ್ಟೇ. ಎಂಟನೇ ತರಗತಿಯಿಂದ ಎಡಗೈಗೆ ಬೈಸಿಕೊಂಡವಳಿಗೆ ಹೇಳಿಕೊಳ್ಳಲು ಒಂದು ಕಾರಣ ಸಿಕ್ಕಿತ್ತು. ಮೇಷ್ಟ್ರು ಪೆನ್ನು ಮುಚ್ಚಿಟ್ಟರು. ಮಗು ಕರೆದರೆ ಹೋಗದಿರುವುದು ಅವರ ಜಾಯಮಾನದಲ್ಲಿರಲಿಲ್ಲ. ಬಂದರು. ಬಲಗಣ್ಣು ಮುಚ್ಚಿ ಎಡಗಣ್ಣಿಟ್ಟರು.

ತಿರುಪನ್ನು ತಾವೇ ಒಂಚೂರು ತಿರುಗಿಸಿದರು.

"ಅಯ್ಯೋ" ಎಂದರು. "ಇವು ಇಷ್ಟು ಸೊಟ್ಟಸೊಟ್ಟ ಇದ್ವಾ? ಮರ್ತೇ ಓಗಿತ್ತಲ್ಲ ನಂಗೆ. ನಾನು ಗೋಡೆ ಕಟ್ದಂಗೆ ಬರೀತಿದ್ನಲ್ಲ!" ಎಂದು ಗಟ್ಟಿಯಾಗಿ ನಕ್ಕರು. ಮಕ್ಕಳೂ ನಕ್ಕರು. ಆಮೇಲೆ ಅವರು ಮಾಡಿದ್ದನ್ನು ನಾನು ಎಂದೂ ಮರೆಯಲಾರೆ. ಎಡಗಣ್ಣು ತೆಗೆದು ಅದೇ ಜಾಗಕ್ಕೆ ಬಲಗಣ್ಣು ಇಟ್ಟರು. ಮತ್ತೆ ಎಡಗಣ್ಣು. ಮತ್ತೆ ಬಲಗಣ್ಣು. ಅಷ್ಟು ವರ್ಷ ಎರಡೂ ಕಣ್ಣು ತೆರೆದು ಓಡಾಡಿದಾಗ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ಕೆಲಸವನ್ನೂ ತಾನೇ ಮಾಡಿ ಮುಚ್ಚಿಹಾಕಿತ್ತು. ಈಗ ಒಂದೊಂದನ್ನೇ ಸಾಕ್ಷಿಗೆ ಕರೆದಂತಾಯಿತು. ಹಿಂದೆ ಸಾಲು ಬೆಳೆದಿತ್ತು, ಮೋಡವೂ ಬರುತ್ತಿತ್ತು, ಯಾರೊಬ್ಬರೂ "ನನ್ ಸರದಿ" ಅನ್ನಲಿಲ್ಲ.

ಅವರು ಎದ್ದು ನನ್ನ ಹತ್ತಿರ ಬಂದು, ಮಕ್ಕಳಿಗೆ ಕೇಳದಂತೆ ಹೇಳಿದರು.

"ಮಿಷಿನ್ ಸರಿಯಾಗೇ ಅದೆ ಕಣವ್ವ."

ಅಷ್ಟೇ. ಒಳಗೆ ಹೋಗಿ ಬೋರ್ಡಿನ ಮೇಲಿದ್ದ ತಮ್ಮ ಆ ಚೆಂದದ ಚಿತ್ರವನ್ನು ತಾವೇ ಅಳಿಸಿದರು. ಹೊಸದಾಗಿ ಬರೆದರು. ಒಂದು ಉದ್ದ, ಒಂದು ಗಿಡ್ಡ, ಒಂದು ಮೂಲೆಗೆ ಜರುಗಿದ ಕೇಂದ್ರ. ನೋಡಲು ಮೊದಲಿನಷ್ಟು ಚೆನ್ನಾಗಿರಲಿಲ್ಲ. ನನಗೆ ಅದೇ ಹೆಚ್ಚು ಇಷ್ಟವಾಯಿತು.

ಗೌರಿಹಬ್ಬ ಕಳೆದ ಮೇಲೆ ಜಯಮ್ಮ ಅವರನ್ನು ಮೈಸೂರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದರು. ಬಸ್ಸು ಹತ್ತುವ ಮುಂಚೆ ಮೇಷ್ಟ್ರು ನನ್ನ ಕೈಗೆ ಆಫೀಸಿನ ಬೀಗದ ಕೈ ಕೊಟ್ಟು, "ಎದ್ರಿಕೆ ಆಯ್ತದೆ ಕಣವ್ವ, ಸುಳ್ಳೇಳಲ್ಲ" ಎಂದರು. ಕಂಡಕ್ಟರು ಕೂಗುವವರೆಗೂ ಅವರ ಕೈ ಹಿಡಿದುಕೊಂಡು ನಿಂತೆ. ಆಪರೇಷನ್ ಆಯಿತು ಎಂದು ಜಯಮ್ಮ ಫೋನು ಮಾಡಿದರು. ಪಥ್ಯದಲ್ಲಿ ಮೇಷ್ಟ್ರು ಅಣ್ಣನ ಹಾದಿ ಹಿಡಿಯಲಿಲ್ಲ. ಎಮ್ಮೆಯ ಹತ್ತಿರಕ್ಕೂ ಹೋಗದೆ, ಕಪ್ಪು ಕನ್ನಡಕ ಹಾಕಿ ಒಳಕೋಣೆಯಲ್ಲಿ ಕೂತರಂತೆ. "ಮದ್ವೆ ಆದ ಹೊಸದ್ರಲ್ಲೂ ನನ್ ಮಾತು ಇಷ್ಟು ಕೇಳಿರ್ಲಿಲ್ಲ" ಎಂದು ಜಯಮ್ಮ ನಕ್ಕರು. ಆದರೆ ಎಷ್ಟು ಕಾಣುತ್ತದೆ ಎಂದು ಕೇಳಿದರೆ ಮೇಷ್ಟ್ರು ಯಾರಿಗೂ ಬಾಯಿಬಿಡುತ್ತಿರಲಿಲ್ಲವಂತೆ. "ಅದ್ನ ಶಾಲೇಲೇ ನೋಡ್ಬೇಕು" ಅನ್ನುತ್ತಿದ್ದರಂತೆ.

ಆಯುಧಪೂಜೆಯ ದಿನ ಜಯಮ್ಮನ ಜೊತೆ ಬಂದರು. ರಜೆಯಿದ್ದರೂ ಪುರಿ ಕಡಲೆಯ ಆಸೆಗೆ ಮಕ್ಕಳೆಲ್ಲ ಸೇರಿದ್ದರು. ಹೊರಗೆ ಮೋಡ, ಕರೆಂಟಿಲ್ಲ. ಮೇಜಿನ ಮೇಲೆ ಗಂಟೆ, ಭೂಗೋಳ, ನಡುವೆ ಸೂಕ್ಷ್ಮದರ್ಶಕ. ಸಣ್ಣಪ್ಪ ಸ್ನಾನ ಮಾಡಿ ಹಣೆತುಂಬ ವಿಭೂತಿ ಬಳಿದು ದೀಪ ಹಚ್ಚಿದ್ದ. ಮೇಷ್ಟ್ರು ಒಳಗೆ ಬಂದವರೇ, "ಪೂಜೆ ಆಮೇಲೆ. ಈರುಳ್ಳಿ ತಕಬಾ ಪವಿತ್ರ" ಎಂದರು.

"ಬೆಳಕಿಲ್ಲ ಸಾರ್. ಮೊಬೈಲ್ ಟಾರ್ಚ್ ಹಿಡೀಲಾ?" ಎಂದೆ.

"ಬ್ಯಾಡವ್ವ, ಅದು ಹೊಸ ಕಣ್ಣಿಗೆ ಚುಚ್ತದೆ. ಸಣ್ಣಪ್ಪ, ಆ ದೀಪ ಇತ್ಲಾಗಿ ತತ್ತಾ. ಕನ್ನಡಿ ಮುಂದಕ್ಕಿಡ್ಕೊ. ಅಲ್ಲಾಡಿಸ್ಬ್ಯಾಡ ಕಣ್ಲಾ."

ಸಣ್ಣಪ್ಪ ಎರಡೂ ಕೈಯಲ್ಲಿ ದೀಪ ಹಿಡಿದು ಉಸಿರು ಬಿಗಿಹಿಡಿದ. ನಾನು ಕನ್ನಡಿ ತಿರುಗಿಸಿದೆ. ದೀಪದ ಹಳದಿ ಬೆಳಕು ಗಾಜಿನ ಪಟ್ಟಿಯ ಕೆಳಗೆ ಬಂದು ನಿಂತಿತು. ಮೇಷ್ಟ್ರು ಕಪ್ಪು ಕನ್ನಡಕ ತೆಗೆದು ಜಯಮ್ಮನ ಕೈಗೆ ಕೊಟ್ಟರು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಬಲಗಣ್ಣಿಟ್ಟು, ಬಗ್ಗಿದರು.

ಜಯಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರು. ಆಮೇಲೆ ಮೇಷ್ಟ್ರ ಬಿಡುವಾಗಿದ್ದ ಕೈ ಮೇಲೆದ್ದಿತು. ಸೀಮೆಸುಣ್ಣ ಹಿಡಿದಂತೆ ಬೆರಳು ಗಾಳಿಯಲ್ಲಿ ಒಂದು ಸೊಟ್ಟ ಗೆರೆ ಎಳೆಯಿತು.

"ಕೋಶಭಿತ್ತಿ" ಎಂದರು.

ಅಭ್ಯಾಸಬಲದಿಂದ ಮಕ್ಕಳು ರಾಗವಾಗಿ, "ಕೋಶಭಿತ್ತಿ" ಎಂದರು.

ಬೆರಳು ಮೆಲ್ಲಗೆ ಒಂದು ಚುಕ್ಕೆ ಇಟ್ಟಿತು. "ಕೋಶಕೇಂದ್ರ."

"ಕೋಶಕೇಂದ್ರ!" ಹೆಂಚು ಹಾರಿಹೋಗುವಂತೆ ಕೂಗಿದರು. ಜಯಮ್ಮ ಅಳುತ್ತಿದ್ದರು. ನಾನೂ ಅಳುತ್ತಿದ್ದೆ. ಈರುಳ್ಳಿಯದು ಎಂದು ಹೇಳಿಕೊಳ್ಳಬಹುದಿತ್ತು, ಯಾರೂ ಕೇಳಲಿಲ್ಲ.

ಮೇಷ್ಟ್ರು ಎದ್ದು ಕಣ್ಣೊರೆಸಿಕೊಳ್ಳಲು ಕೈ ಎತ್ತಿದರು. ಕಣ್ಣು ಮುಟ್ಟಬಾರದು ಎಂದು ಡಾಕ್ಟರು ಹೇಳಿದ್ದು ನೆನಪಾಗಿ ಹಾಗೇ ಇಳಿಸಿದರು. ಸಣ್ಣಪ್ಪ ದೀಪ ಕೆಳಗಿಟ್ಟು, ಕುಂಕುಮದ ಬಟ್ಟಲಿಗೆ ಬೆರಳದ್ದಿ, ಸೂಕ್ಷ್ಮದರ್ಶಕದ ಮುಂದೆ ಅನುಮಾನಿಸುತ್ತಾ ನಿಂತ.

"ಎಲ್ಲಿಗೆ ಮಡಗ್ಲಿ ಸಾ?"

"ಪಾದಕ್ಕೆ ಮಡಗು ಕಣ್ಲಾ" ಎಂದರು ಮೇಷ್ಟ್ರು. "ಕಣ್ಣಿಗೆ ಬ್ಯಾಡ. ಅದು ನೋಡ್ಲಿ ಬುಡು."